ಬಿಗ್ ಹಾರ್ಕರ್ ಬಂಡೆ ಮತ್ತು ಸಾರಾ ಡಾಸನ್

ಇಂಗ್ಲೆಂಡಿನ ನ್ಯೂಕಾಸಲ್‌ಗೆ ಬಂದು ನೆಲೆಸಿದ ಮೇಲೆ ಲಿಂಡಿಸ್‌ಫಾರ್ನ್‌ಗೆ ಆಗಾಗ ಹೋಗುತ್ತೇನೆ. ಭರತದಲ್ಲಿ ರಸ್ತೆ ಮುಳುಗಿ ದ್ವೀಪವಾಗುವ, ಇಳಿತದಲ್ಲಿ ಕಾರಿನಲ್ಲೇ ತಲುಪಬಹುದಾದ ಊರು ಅದು. ಕೋಟೆಯ ಬುಡದಲ್ಲಿ ಹಳೆಯ ಮೀನುದೋಣಿಗಳನ್ನು ಬೋರಲು ಹಾಕಿ ಉಗ್ರಾಣ ಮಾಡಿಕೊಂಡಿದ್ದಾರೆ. ನನ್ನ ಕಣ್ಣು ಮಾತ್ರ ಆಗ್ನೇಯದ ಫಾರ್ನ್ ದ್ವೀಪಗಳತ್ತಲೇ ಹೋಗುತ್ತದೆ.

1838ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಹಲ್‌ನಿಂದ ಡಂಡೀಗೆ ಹೊರಟಿದ್ದ ಉಗಿಹಡಗು ಫೋರ್ಫರ್‌ಶೈರ್ ಅಲ್ಲಿನ ಬಿಗ್ ಹಾರ್ಕರ್ ಬಂಡೆಗೆ ಬಡಿದು ಎರಡು ತುಂಡಾಯಿತು. ಬಾಯ್ಲರ್ ಸೋರಿ ಎಂಜಿನ್ ನಿಂತಿತ್ತು, ಮೇಲೆ ಬಿರುಗಾಳಿ. ಲಾಂಗ್‌ಸ್ಟೋನ್ ದೀಪಸ್ತಂಭದ ಪಾಲಕ ವಿಲಿಯಂ ಡಾರ್ಲಿಂಗ್ ಮತ್ತು ಅವನ 22 ವರ್ಷದ ಮಗಳು ಗ್ರೇಸ್ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋದರು. ತಂದೆ ಬಂಡೆಗೆ ಜಿಗಿದಾಗ ದೋಣಿ ಒಡೆಯದಂತೆ ಒಬ್ಬಳೇ ನಿಭಾಯಿಸಿದವಳು ಗ್ರೇಸ್. ಎಂಥ ಗುಂಡಿಗೆ! ಎರಡು ಸುತ್ತಿನಲ್ಲಿ ಒಂಬತ್ತು ಜನರು ದಡ ಸೇರಿದರು.

ಇಂಗ್ಲೆಂಡ್ ಗ್ರೇಸಳನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ನಾಲ್ಕೇ ವರ್ಷಕ್ಕೆ ಕ್ಷಯರೋಗ ಅವಳನ್ನು ಒಯ್ದಿತು. ಆ ಒಂಬತ್ತು ಜನರಲ್ಲಿದ್ದ ಒಬ್ಬಳೇ ಹೆಂಗಸು ಸಾರಾ ಡಾಸನ್. ಅವಳ ಇಬ್ಬರು ಮಕ್ಕಳು ಅದೇ ಬಂಡೆಯ ಮೇಲೆ ಚಳಿಗೆ ಪ್ರಾಣಬಿಟ್ಟಿದ್ದರು. ಈ ಕಥೆ ಹೇಳುವವರೆಲ್ಲ ಅವಳ ಹೆಸರನ್ನೂ ಹೇಳಬೇಕೆಂದು ನನ್ನ ಆಸೆ.