ನಾನು ಮೊದಲು ನೋಡಿದ್ದು ಪ್ಲೇಯರ್‌ನ ಹಿಂಭಾಗ

ಹೋಮ್ ಥಿಯೇಟರ್‌ಗೆ ಬ್ಲೂ-ರೇ ಪ್ಲೇಯರ್ ಅಂದರೆ ಎಲ್ಲರೂ ಚಿತ್ರದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ನನಗೆ ಮುಖ್ಯವಾಗಿದ್ದು ಹಿಂಭಾಗದ ಪೋರ್ಟ್‌ಗಳು. ನನ್ನ ರಿಸೀವರ್ (ಸ್ಪೀಕರ್‌ಗಳಿಗೆ ಸೌಂಡ್ ಕೊಡುವ ಪೆಟ್ಟಿಗೆ) ಹಳೆಯದು, 4ಕೆ ಸಿಗ್ನಲ್ ಅದರ ಮೂಲಕ ದಾಟುವುದಿಲ್ಲ. ಆದರೆ ಡಿಸ್ಕ್‌ನಲ್ಲಿರುವ ಒಳ್ಳೇ ಗುಣಮಟ್ಟದ ಡಾಲ್ಬಿ ಟ್ರೂಎಚ್‌ಡಿ ಸೌಂಡ್ ಮಾತ್ರ ಈಗಲೂ ಸೊಗಸಾಗಿ ಕೊಡುತ್ತದೆ. ಅಂಥದ್ದನ್ನು ಸುಮ್ನೆ ಯಾಕೆ ಬದಲಾಯಿಸಬೇಕು, ಅಲ್ವಾ?

ಅದಕ್ಕೇ ಎರಡು ಎಚ್‌ಡಿಎಂಐ ಔಟ್‌ಪುಟ್ ಇರುವ 4ಕೆ ಪ್ಲೇಯರ್ ಆರಿಸಿಕೊಂಡೆ. ಒಂದು ಕೇಬಲ್ ನೇರವಾಗಿ ಟಿವಿಗೆ. ಇನ್ನೊಂದು ರಿಸೀವರ್‌ಗೆ, ಬರೀ ಸೌಂಡಿಗೆ. ಮೆನುವಿನಲ್ಲಿ ಆಡಿಯೋವನ್ನು ಬಿಟ್‌ಸ್ಟ್ರೀಮ್‌ಗೆ (ಸೌಂಡನ್ನು ಪ್ಲೇಯರ್ ಬಿಡಿಸದೆ ಹಾಗೇ ರಿಸೀವರ್‌ಗೆ ಕಳಿಸುವ ಆಯ್ಕೆ) ಇಟ್ಟ ಕೂಡಲೇ ರಿಸೀವರ್‌ನ ಡಿಸ್‌ಪ್ಲೇಯಲ್ಲಿ ‘ಟ್ರೂಎಚ್‌ಡಿ’ ಅಂತ ಬಂತು.

ಸಾಮಾನ್ಯ ಬ್ಲೂ-ರೇ ಪ್ಲೇಯರ್‌ನಲ್ಲಿ 4ಕೆ ಡಿಸ್ಕ್ ಓಡುವುದಿಲ್ಲ. 4ಕೆ ಡಿಸ್ಕ್‌ಗೆ ರೀಜನ್ ಕೋಡ್ (ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವ ಗುರುತು) ಕಾಟ ಇಲ್ಲ. ಸಾಮಾನ್ಯ ಬ್ಲೂ-ರೇಗಳಿಗೆ ಎ, ಬಿ, ಸಿ ಅಂತ ಇರುತ್ತದೆ, ಹೊರದೇಶದಿಂದ ತರಿಸುವ ಮುಂಚೆ ಕವರ್ ನೋಡಿಕೊಳ್ಳಿ.