ಪರವಲಯದ ತಳ ಚಪ್ಪಟೆಯಲ್ಲ

ವೈ = ಎಕ್ಸ್² − 5ಎಕ್ಸ್ + 4 ಇದಕ್ಕೆ ನಕ್ಷೆ ಬರೆಯಿರಿ ಎಂದರೆ ಮಕ್ಕಳು ಮೊದಲು ಕೋಷ್ಟಕ ಹಾಕುತ್ತಾರೆ. ಎಕ್ಸ್‌ಗೆ 0, 1, 2, 3, 4, 5 ಕೊಟ್ಟರೆ ವೈ ಬೆಲೆ 4, 0, −2, −2, 0, 4. ಲೆಕ್ಕ ಸರಿ, ಆರೂ ಬಿಂದುಗಳು ಗ್ರಾಫ್ ಹಾಳೆಯಲ್ಲಿ ಸರಿಯಾದ ಜಾಗದಲ್ಲೇ ಕೂರುತ್ತವೆ. ಆಮೇಲೆ (2, −2) ಮತ್ತು (3, −2) ನಡುವೆ ಸ್ಕೇಲಿಟ್ಟು ಗೆರೆ ಎಳೆದುಬಿಡುತ್ತಾರೆ. ತಳ ದೋಸೆ ಹಂಚಿನಂತೆ ಚಪ್ಪಟೆಯಾಗುತ್ತದೆ. ಇಂಥ ವರ್ಗ ಸಮೀಕರಣದ ನಕ್ಷೆಗೆ ಪರವಲಯ ಎಂದು ಹೆಸರು; ಅದರಲ್ಲಿ ಅಂಥ ಸಪಾಟು ಜಾಗ ಎಲ್ಲೂ ಇಲ್ಲ. ರೇಖೆ 2 ದಾಟಿದ ಮೇಲೂ ಇಳಿಯುತ್ತಲೇ ಹೋಗಿ, 2.5ರಲ್ಲಿ −2.25 ಮುಟ್ಟಿ, ಅಲ್ಲಿಂದ ಮೇಲಕ್ಕೆ ತಿರುಗುತ್ತದೆ. ಪೂರ್ಣಾಂಕಗಳನ್ನಷ್ಟೇ ಕೊಟ್ಟ ಕೋಷ್ಟಕಕ್ಕೆ ಆ ಬಿಂದು ಸಿಕ್ಕುವುದೇ ಇಲ್ಲ.

ಆದ್ದರಿಂದ ಕೋಷ್ಟಕಕ್ಕೆ ಮುಂಚೆ ಶೃಂಗ, ಅಂದರೆ ರೇಖೆ ತಿರುಗುವ ಆ ಬಿಂದು, ಹುಡುಕಬೇಕು. ಅದರ ಎಕ್ಸ್ ಬೆಲೆಗೆ −ಬಿ/2ಎ ಸೂತ್ರವನ್ನು ಬಾಯಿಪಾಠ ಮಾಡಿಸುವುದು ರೂಢಿ (ಎ ಎಂದರೆ ಎಕ್ಸ್²ದ ಮುಂದಿನ ಸಂಖ್ಯೆ, ಬಿ ಎಂದರೆ ಎಕ್ಸ್‌ನ ಮುಂದಿನದು). ಅದು ಎಲ್ಲಿಂದ ಬಂತೆಂದು ತಿಳಿದರೆ ಮರೆಯುವ ಮಾತೇ ಇರುವುದಿಲ್ಲ. ಸಮೀಕರಣದ ಮೊದಲ ಎರಡು ಪದಗಳಲ್ಲಿ ಎಕ್ಸ್ ಹೊರಗೆ ತೆಗೆಯಿರಿ:

ವೈ = ಎಕ್ಸ್(ಎಕ್ಸ್ − 5) + 4

ಎಕ್ಸ್ 0 ಆದರೂ 5 ಆದರೂ ಗುಣಲಬ್ಧ ಸೊನ್ನೆ, ವೈ 4. ಅಂದರೆ ರೇಖೆ ಎರಡು ಕಡೆ ಒಂದೇ ಎತ್ತರದಲ್ಲಿದೆ. ಪರವಲಯದ ಎಡ ಬಲ ಕನ್ನಡಿಯ ಬಿಂಬದಂತಿರುವುದರಿಂದ, ತಿರುವು ಆ ಎರಡರ ನಟ್ಟನಡುವೆ, 2.5ರಲ್ಲಿ, ಇರಲೇಬೇಕು. ಸಾಮಾನ್ಯ ರೂಪದಲ್ಲಿ ಆ ಎರಡು ಜಾಗಗಳು 0 ಮತ್ತು −ಬಿ/ಎ, ನಡುವಿನದು −ಬಿ/2ಎ. ಅಷ್ಟೇ ಅಲ್ಲ, ವೈ-ಅಕ್ಷವನ್ನು ಕತ್ತರಿಸುವ (0, 4) ಮತ್ತು ಅದರ ಜೋಡಿ (5, 4) ಎಂಬ ಎರಡು ಬಿಂದುಗಳೂ ಪುಕ್ಕಟೆಯಾಗಿ ಸಿಕ್ಕವು. ಮೂಲಗಳೇ (ವೈ ಸೊನ್ನೆಯಾಗುವ ಎಕ್ಸ್ ಬೆಲೆಗಳೇ) ಇಲ್ಲದ ಸಮೀಕರಣಕ್ಕೂ ಈ ದಾರಿ ನಡೆಯುತ್ತದೆ.

ಎಕ್ಸ್-ಅಕ್ಷವನ್ನು ಕತ್ತರಿಸುವ ಬಿಂದುಗಳಿಗೆ ವೈ = 0 ಇಟ್ಟು ಬಿಡಿಸಬೇಕು. ಮೇಲಿನದು (ಎಕ್ಸ್ − 1)(ಎಕ್ಸ್ − 4) ಎಂದು ಸುಲಭವಾಗಿ ಒಡೆಯುತ್ತದೆ. ಹಾಗೆ ಒಡೆಯದಿದ್ದಾಗ ಒದಗುವುದು ಪ್ರಾಚೀನ ಗಣಿತಜ್ಞ ಶ್ರೀಧರಾಚಾರ್ಯರ ವಿಧಾನ. ಭಾಸ್ಕರಾಚಾರ್ಯರು ಉದ್ಧರಿಸಿದ್ದರಿಂದ ನಮಗೆ ಉಳಿದುಬಂದದ್ದು ಅದು: ವರ್ಗಪದದ ಸಹಗುಣಕದ (ಮುಂದಿರುವ ಸಂಖ್ಯೆಯ) ನಾಲ್ಕರಷ್ಟರಿಂದ ಗುಣಿಸಿ, ನಡುಪದದ ಸಹಗುಣಕದ ವರ್ಗ ಕೂಡಿಸು. ನಕ್ಷೆ ಬರೆಯುವವರಿಗೆ ಇದಕ್ಕಿಂತ ಚೆಂದದ ಉಪಾಯ ಇಲ್ಲವೆಂದೇ ನನ್ನ ಅಭಿಪ್ರಾಯ. ವೈ = 2ಎಕ್ಸ್² − 3ಎಕ್ಸ್ − 4 ತೆಗೆದುಕೊಳ್ಳಿ. 8ರಿಂದ ಗುಣಿಸಿ, 9 ಕೂಡಿಸಿ, ಅದೇ 9 ಕಳೆದರೆ

8ವೈ = (4ಎಕ್ಸ್ − 3)² − 41

ವರ್ಗ ಎಂದೂ ಸೊನ್ನೆಗಿಂತ ಕೆಳಗಿಳಿಯದು. ಹಾಗಾಗಿ 4ಎಕ್ಸ್ = 3 ಆದಾಗ ವೈ ಕನಿಷ್ಠ: ಶೃಂಗ (0.75, −5.125). ವೈ ಸೊನ್ನೆಯಾಗಲು 4ಎಕ್ಸ್ − 3 ಎಂಬುದು 41ರ ವರ್ಗಮೂಲ, ಅಂದರೆ ಸುಮಾರು +6.4 ಅಥವಾ −6.4 ಆಗಬೇಕು: ಎಕ್ಸ್ ಸುಮಾರು 2.35 ಮತ್ತು −0.85. ಒಂದೇ ಸಾಲಿನಿಂದ ಶೃಂಗವೂ ಬಂತು, ಮೂಲಗಳೂ ಬಂದವು. ತಾಳೆ ನೋಡುವುದೂ ಸುಲಭ: 2.35 ಮತ್ತು −0.85ರ ಸರಾಸರಿ 0.75 ಬರಬೇಕು, ಬರುತ್ತದೆ. ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ. 1 ಸೆಂ.ಮೀ = 1 ಮಾನ ಎಂದಿಟ್ಟುಕೊಂಡರೆ 2.35 ಎಂಬುದು 23 ಮತ್ತು 24ನೇ ಮಿ.ಮೀ. ಗೆರೆಗಳ ನಡುವೆ ಬೀಳುತ್ತದೆ, ಪೆನ್ಸಿಲ್ ಚೂಪಾಗಿರಲಿ.

ವೈ = −ಎಕ್ಸ್² + 2ಎಕ್ಸ್ + 3 ತರಹದ್ದರಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ. ಮೂಲ ಹುಡುಕುವಾಗ ಎಲ್ಲ ಚಿಹ್ನೆ ಬದಲಿಸಿ ಎಕ್ಸ್² − 2ಎಕ್ಸ್ − 3 = 0 ಎಂದು ಬರೆಯುತ್ತೇವೆ. ಒಂದು ಬದಿ ಸೊನ್ನೆ ಇರುವುದರಿಂದ ಅದು ಸರಿ, −1 ಮತ್ತು 3 ಸಿಗುತ್ತವೆ. ಆದರೆ ಮಕ್ಕಳು ಅದೇ ಬದಲಾದ ಸಾಲನ್ನು ಹಿಡಿದು ಶೃಂಗಕ್ಕೆ ಹೋಗಿ (1, −4) ಎಂದು ಬರೆಯುತ್ತಾರೆ. ಅಕ್ಷ ಕತ್ತರಿಸುವ ಜಾಗ ಎರಡೂ ಸರಿಯಿದ್ದು ನಕ್ಷೆ ಮಾತ್ರ ತಲೆಕೆಳಗು! ಶೃಂಗದ ವೈ ಬೆಲೆಯನ್ನು ಯಾವಾಗಲೂ ಪ್ರಶ್ನೆಯಲ್ಲಿ ಕೊಟ್ಟ ಸಮೀಕರಣದಲ್ಲೇ ಹಾಕಿ ತೆಗೆಯಬೇಕು: −1 + 2 + 3 = 4. ಶೃಂಗ (1, 4), ರೇಖೆ ಕೆಳಕ್ಕೆ ಬಾಗಿದ್ದು.

ವೈ = ಎಕ್ಸ್² − 2ಎಕ್ಸ್ + 5ರಲ್ಲಿ ಶೋಧಕ, ಅಂದರೆ ಬಿ² − 4ಎಸಿ (ಸಿ ಎಂದರೆ ಕೊನೆಯ ಸಂಖ್ಯೆ), −16; ಅದು ಋಣವಾದರೆ ಮೂಲಗಳಿಲ್ಲ. ಎಕ್ಸ್-ಅಕ್ಷ ಮುಟ್ಟುವುದಿಲ್ಲ ಎಂದು ಅಲ್ಲಿಗೇ ಬಿಡಬೇಡಿ. ಶೃಂಗ (1, 4), ಜೋಡಿ (0, 5) ಮತ್ತು (2, 5) ಕೈಯಲ್ಲಿವೆ.

ಉಳಿದ ಬಿಂದುಗಳಿಗೆ ಶೃಂಗದಿಂದಲೇ ಹೆಜ್ಜೆ ಎಣಿಸಬಹುದು. ಎಕ್ಸ್² ಸಹಗುಣಕ 1 ಇದ್ದರೆ, ಪಕ್ಕಕ್ಕೆ ಒಂದೊಂದು ಮಾನ ಸರಿದಂತೆ ಮೇಲಕ್ಕೆ 1, ಆಮೇಲೆ 3, ಆಮೇಲೆ 5. ಸಹಗುಣಕ 2 ಇದ್ದರೆ 2, 6, 10. ಕೊನೆಗೆ ಸ್ಕೇಲ್ ಪಕ್ಕಕ್ಕಿಟ್ಟು, ಮಣಿಕಟ್ಟು ರೇಖೆಯ ಒಳಬಾಗಿನ ಕಡೆ ಬರುವಂತೆ ಹಾಳೆ ತಿರುಗಿಸಿಕೊಂಡು ಒಂದೇ ಎಳೆತಕ್ಕೆ ಎಳೆಯಿರಿ.