ಒಂದೇ ಒಂದು ಪಾಯಿಂಟ್

ಐರ್ಲೆಂಡಿನ ಕಾರ್ಕ್ ಕೌಂಟಿಯವರ ಹತ್ತಿರ ಹರ್ಲಿಂಗ್ (ಕೋಲು-ಚೆಂಡಿನ ಐರಿಷ್ ಆಟ) ಮಾತು ತೆಗೆದರೆ ಮುಗೀತು, 2024ರ ಆಲ್-ಐರ್ಲೆಂಡ್ ಫೈನಲ್ ಬಂದೇ ಬರುತ್ತದೆ. ಇವತ್ತು ಆಫೀಸಿನಲ್ಲಿ ಊಟದ ಹೊತ್ತು ಪೂರ್ತಿ ಅದೇ. ಡಬ್ಲಿನ್‌ನ ಕ್ರೋಕ್ ಪಾರ್ಕ್, ಜುಲೈ 21. ಕ್ಲೇರ್ ಕೌಂಟಿ 3-29, ಕಾರ್ಕ್ 1-34. ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್; ಗೋಲಿಗೆ ಮೂರು ಪಾಯಿಂಟ್, ಲೆಕ್ಕ ಹಾಕಿ: 38-37. ಅದೂ ಎಕ್ಸ್‌ಟ್ರಾ ಟೈಮ್ ಆಡಿಸಿದ ಮೇಲೆ!

ಶುರುವಿನಲ್ಲಿ ಕಾರ್ಕ್‌ನದೇ ದರ್ಬಾರು. ಡಿಫೆಂಡರ್ ರಾಬ್ ಡೌನಿ ಹಿಂದಿನಿಂದ ಓಡಿ ಬಂದು ಗೋಲು ಹೊಡೆದ. ಆಮೇಲೆ ಕ್ಲೇರ್‌ನ ಟೋನಿ ಕೆಲ್ಲಿ ಚೆಂಡನ್ನು ಕೋಲಿನ ತುದಿಯಲ್ಲೇ ಆಡಿಸಿ ಹೊಡೆದ ಗೋಲು ಇದೆಯಲ್ಲ, ಅದನ್ನು ಕಾರ್ಕ್‌ನವರೂ ಹೊಗಳುತ್ತಾರೆ. ಹಲ್ಲು ಕಚ್ಚಿಕೊಂಡೇ.

ಮರುವರ್ಷದ ಫೈನಲ್‌ನಲ್ಲಿ ಟಿಪ್ಪರರಿ ಇದೇ ಕಾರ್ಕನ್ನು 15 ಪಾಯಿಂಟ್‌ಗಳಿಂದ ಸೋಲಿಸಿತು. ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಒಂದು ಪಾಯಿಂಟ್‌ನ ಸೋಲಿನಲ್ಲಾದರೆ 'ಹೀಗಾಗಿದ್ದರೆ' ಅನ್ನುವುದಕ್ಕೆ ಜಾಗ ಜಾಸ್ತಿ, ಅಲ್ವಾ?

ಆ ಜಾಗ ಇರುವುದು ಕೊನೆಯ ಹೊಡೆತದಲ್ಲಿ. ಕಾರ್ಕ್‌ನ ರಾಬಿ ಓ'ಫ್ಲಿನ್ ಹೊಡೆದದ್ದು ಹೊರಗೆ ಹೋಯಿತು. ಜೆರ್ಸಿ ಹಿಡಿದು ಎಳೆದಿದ್ದರು, ಫ್ರೀ (ಎದುರಾಳಿಯ ತಪ್ಪಿಗೆ ಸಿಗುವ ಹೊಡೆತ) ಕೊಡಬೇಕಿತ್ತು ಅನ್ನುವುದು ಇವರ ವಾದ. ರಿಪ್ಲೇ ನೋಡಿದರೆ ನನಗೂ ಹಾಗೇ ಅನಿಸುತ್ತದೆ. ಕ್ಲೇರ್‌ನವರು ಬೈದರೆ ಬೈಯಲಿ.